ಉಬ್ಬಿದ ನರಗಳಿಗೆ ಕಂಪ್ರೆಷನ್ ಸ್ಟಾಕಿಂಗ್ಸ್: ಕರಾವಳಿಯ ಸೆಕೆಯಲ್ಲಿ ದೀರ್ಘಕಾಲದ ಬಳಕೆ

ಮಂಗಳೂರಿನ ಹಂಪನಕಟ್ಟೆಯ ಜವಳಿ ಅಂಗಡಿಯೊಂದರ ರೆಡಿಮೇಡ್ ವಿಭಾಗದಲ್ಲಿ ಕೆಲಸ ಮಾಡುವ ನಾನು, ವೆರಿಕೋಸ್ ವೇನ್ಸ್, ಅಂದರೆ ಕಾಲಿನ ನರಗಳು ಉಬ್ಬುವ ತೊಂದರೆಗಾಗಿ ಮೊಣಕಾಲಿನ ಕೆಳಗಿನವರೆಗೆ ಬರುವ ಎರಡನೇ ದರ್ಜೆಯ ಕಂಪ್ರೆಷನ್ ಸ್ಟಾಕಿಂಗ್ಸ್ (ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ) ಅನ್ನು ಕೆಲವು ವರ್ಷಗಳಿಂದ ಕೆಲಸದ ದಿನಗಳಲ್ಲೆಲ್ಲ ಧರಿಸುತ್ತಿದ್ದೇನೆ. ಸಂಜೆಯ ಹೊತ್ತಿಗೆ ಕಾಲು ಭಾರವಾಗುವುದು, ಪಾದದ ಗಂಟಿನ ಸುತ್ತ ಬಾವು ಬರುವುದು ಎರಡೂ ಬಹಳ ಕಡಿಮೆಯಾಗಿವೆ. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರವಾಗುವುದು ಈಗ ಅಪರೂಪ. ಆದರೆ ಸುರುಳಿ ಸುತ್ತಿಕೊಂಡ ನೀಲಿ ನರಗಳು ಮೊದಲಿದ್ದಲ್ಲಿಯೇ ಇವೆ; ಅವು ಮಾಯವಾಗುತ್ತವೆಂದು ಭಾವಿಸಿ ಯಾರೂ ಇದನ್ನು ಕೊಳ್ಳಬಾರದು.

ಕಾಲಿನ ರಕ್ತ ಹೃದಯದ ಕಡೆಗೆ ಮೇಲೇರುವಾಗ ಮತ್ತೆ ಕೆಳಗೆ ಜಾರದಂತೆ ಅಭಿಧಮನಿಗಳೊಳಗೆ ಸಣ್ಣ ಕವಾಟಗಳಿರುತ್ತವೆ. ಅವು ಸಡಿಲವಾದರೆ ರಕ್ತ ಹಿಂದಿರುಗಿ ನಿಲ್ಲುತ್ತದೆ, ನಾಳ ಹಿಗ್ಗುತ್ತದೆ. ಈ ಸ್ಟಾಕಿಂಗ್ಸ್ ಪಾದದ ಗಂಟಿನಲ್ಲಿ ಹೆಚ್ಚು ಬಿಗಿಯಾಗಿದ್ದು ಮೇಲಕ್ಕೆ ಹೋದಂತೆ ಬಿಗಿ ಕಡಿಮೆಯಾಗುವಂತೆ ನೇಯಲ್ಪಟ್ಟಿರುವುದರಿಂದ ರಕ್ತ ಮೇಲೇರಲು ಒತ್ತಾಸೆ ಸಿಗುತ್ತದೆಯೇ ಹೊರತು, ಕೆಟ್ಟ ಕವಾಟ ಅದರಿಂದ ಸರಿಯಾಗುವುದಿಲ್ಲ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೂ, ಲೇಸರ್ ಮೊದಲಾದ ಚಿಕಿತ್ಸೆಗಳು ಹೊಂದದಿದ್ದರೆ ಮಾತ್ರ ವೆರಿಕೋಸ್ ವೇನ್ಸ್‌ಗೆ ಸ್ಟಾಕಿಂಗ್ಸ್ ಕೊಡಬೇಕೆನ್ನುತ್ತದೆ. ನನ್ನ ವೈದ್ಯರು ಅದೆಲ್ಲವನ್ನೂ ತಿಳಿಸಿ, ಚರ್ಮಕ್ಕೆ ಯಾವ ಹಾನಿಯೂ ಆಗಿಲ್ಲದ ಕಾರಣ ಸದ್ಯ ಕಾಯಬಹುದೆಂದ ಮೇಲೆಯೇ ನಾನು ಈ ದಾರಿ ಹಿಡಿದದ್ದು.

ಕೊಳ್ಳುವ ಮೊದಲು ಡಾಪ್ಲರ್ ಪರೀಕ್ಷೆ (ನಾಳಗಳಲ್ಲಿ ರಕ್ತ ಹರಿಯುವ ಬಗೆಯನ್ನು ತೋರಿಸುವ ಸ್ಕ್ಯಾನ್) ಮಾಡಿಸಿಕೊಳ್ಳಿ. ಪಾದಕ್ಕೆ ರಕ್ತ ಒಯ್ಯುವ ಅಪಧಮನಿಗಳು ಸರಿಯಾಗಿವೆಯೇ ಎಂಬುದನ್ನೂ ವೈದ್ಯರು ನೋಡಬೇಕು. ಸಕ್ಕರೆ ಕಾಯಿಲೆ ಇರುವವರು, ದೀರ್ಘಕಾಲ ಧೂಮಪಾನ ಮಾಡಿದವರು ಈ ಪರೀಕ್ಷೆಯನ್ನು ಬಿಡಲೇಬಾರದು. ರಕ್ತಸಂಚಾರ ಮೊದಲೇ ಕಡಿಮೆಯಿರುವ ಕಾಲಿಗೆ ಈ ಬಿಗಿ ಅಪಾಯಕಾರಿ.

ಹಣ ದಂಡವಾಗುವುದು ಹೆಚ್ಚಾಗಿ ಅಳತೆಯಲ್ಲಿ. ಚಪ್ಪಲಿಯ ನಂಬರು ಕೇಳಿ ಪ್ಯಾಕೆಟ್ ಕೈಗಿಡುವ ಅಂಗಡಿಗಳಿವೆ, ಅಲ್ಲಿ ಕೊಳ್ಳಬೇಡಿ. ಪಾದದ ಗಂಟಿನ ಮೇಲಿನ ಅತಿ ಸಪೂರ ಭಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ, ಹಿಮ್ಮಡಿಯಿಂದ ಮೊಣಕಾಲಿನವರೆಗಿನ ಉದ್ದ, ಇಷ್ಟನ್ನೂ ಬೆಳಿಗ್ಗೆ ಬಾವು ಬರುವ ಮೊದಲೇ ಟೇಪು ಹಿಡಿದು ತೆಗೆಯಬೇಕು. ಎರಡನೇ ದರ್ಜೆಯೆಂದರೆ ಜರ್ಮನಿಯ ಮಾನದಂಡದಂತೆ ಪಾದದ ಗಂಟಿನಲ್ಲಿ ಪಾದರಸದ 23ರಿಂದ 32 ಮಿಲಿಮೀಟರ್‌ನಷ್ಟು ಒತ್ತಡ. ಪ್ಯಾಕೆಟಿನ ಮೇಲೆ ಈ ಸಂಖ್ಯೆಯೇ ಇಲ್ಲದ ಅಗ್ಗದ ಕಾಲುಚೀಲಗಳು ಎಷ್ಟು ಬಿಗಿಯುತ್ತವೆಂಬುದನ್ನು ತಿಳಿಯುವ ದಾರಿಯೇ ಇಲ್ಲ.

ಹಾಕಿಕೊಳ್ಳುವುದು ಮೊದಮೊದಲು ನಿಜಕ್ಕೂ ಕಷ್ಟ. ಹಾಸಿಗೆಯಿಂದ ಎದ್ದು ಹೆಚ್ಚು ಓಡಾಡುವ ಮೊದಲು, ಹಿಮ್ಮಡಿಯ ಭಾಗದವರೆಗೆ ಒಳಮೈ ಹೊರಕ್ಕೆ ತಿರುವಿ, ಪಾದವನ್ನು ಒಳಗೆ ತೂರಿಸಿ ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಸವರಬೇಕು. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡರೆ ಬಟ್ಟೆ ಅಂಗೈಗೆ ಹಿಡಿದು ಬರುತ್ತದೆ, ಉಗುರು ತಾಗಿ ಎಳೆ ಕೀಳುವುದಿಲ್ಲ. ಎಲ್ಲಿಯೂ ಮಡಿಕೆ ಉಳಿಯಕೂಡದು. ಮೇಲಿನ ಅಂಚನ್ನು ಕೆಳಕ್ಕೆ ಮಡಚಿದರೆ ಅಲ್ಲಿ ಬಿಗಿ ಇಮ್ಮಡಿಯಾಗಿ ಹಗ್ಗದಿಂದ ಕಟ್ಟಿದ ಹಾಗಾಗುತ್ತದೆ, ರಕ್ತ ಮೇಲೇರುವ ಬದಲು ಅಲ್ಲೇ ತಡೆಯುತ್ತದೆ.

"ಈ ಸೆಕೆಗೆ ಇದನ್ನು ಹೇಗೆ ಹಾಕುವುದು ಮಾರಾಯ್ರೆ?" ಎಂದು ಅಂಗಡಿಯ ಹುಡುಗಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಏಪ್ರಿಲ್, ಮೇ ತಿಂಗಳಲ್ಲಿ ಬಸ್ಸು ಹತ್ತುವಷ್ಟರಲ್ಲಿಯೇ ಅದರೊಳಗೆ ಬೆವರು ಇಳಿಯುತ್ತದೆ. ಬೆರಳು ತೆರೆದಿರುವ, ಹತ್ತಿಯ ಪಾಲು ಹೆಚ್ಚಿರುವ ಬಗೆ ನನಗೆ ಒಗ್ಗಿತು. ಮೇಲಂಚಿನಲ್ಲಿ ಸಿಲಿಕೋನ್ ಪಟ್ಟಿ ಇರುವುದು ಜಾರದಿದ್ದರೂ ಚರ್ಮ ಕೆಂಪಾಗಿ ತುರಿಸಿತು. ಮಳೆಗಾಲದ ಸಮಸ್ಯೆ ಬೇರೆ. ಒದ್ದೆ ಸ್ಟಾಕಿಂಗ್ಸ್‌ನಲ್ಲಿಯೇ ದಿನ ಕಳೆದರೆ ಬೆರಳ ಸಂದಿಯಲ್ಲಿ ಫಂಗಸ್ ಖಚಿತ, ಒಗೆದದ್ದು ಮರುದಿನಕ್ಕೆ ಒಣಗುವುದೂ ಇಲ್ಲ. ಹೀಗಾಗಿ ಎರಡು ಜೊತೆ ಬೇಕೇ ಬೇಕು. ಒಳ್ಳೆಯ ಜೊತೆಗೆ ಸಾವಿರಕ್ಕೂ ಮಿಕ್ಕಿ ಬೆಲೆಯಿರುವಾಗ ಇದು ನಮ್ಮಂಥವರಿಗೆ ಸಣ್ಣ ಖರ್ಚಲ್ಲ. ಮೃದುವಾದ ಸಾಬೂನಿನಲ್ಲಿ ಕೈಯಿಂದ ಒಗೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಬಿಸಿಲಿಗೆ ಹಾಕದೆ ಫ್ಯಾನಿನ ಕೆಳಗೆ ಹರಡುತ್ತೇನೆ. ತೆಂಗಿನೆಣ್ಣೆ ತಾಗಿದರೆ ಎಲಾಸ್ಟಿಕ್ ಕೆಡುವುದರಿಂದ, ಕಾಲಿಗೆ ಎಣ್ಣೆ ಹಚ್ಚುವುದು ರಾತ್ರಿ ಬಿಚ್ಚಿದ ಮೇಲೆ ಮಾತ್ರ. ನಿತ್ಯ ಬಳಸುವ ಜೊತೆಯನ್ನು ಆರು ತಿಂಗಳ ಹೊತ್ತಿಗೆ ಬದಲಿಸಬೇಕೆನ್ನುತ್ತಾರೆ. ಕೈಗವಸಿಲ್ಲದೆ ಸಲೀಸಾಗಿ ಏರತೊಡಗಿದರೆ ಅದರ ಬಿಗಿ ಹೋಗಿದೆಯೆಂದೇ ಲೆಕ್ಕ.

ಅಲ್ಲಾಡದೆ ನಿಲ್ಲುವ ಕಾಲಿಗೆ ಸ್ಟಾಕಿಂಗ್ಸ್ ಒಂದೇ ಸಾಲದು. ರಕ್ತವನ್ನು ಮೇಲಕ್ಕೆ ತಳ್ಳುವ ನಿಜವಾದ ಪಂಪು ಮೀನಖಂಡದ ಸ್ನಾಯು. ಗಿರಾಕಿಗಳಿಲ್ಲದಾಗ ಕೌಂಟರಿನ ಹಿಂದೆ ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಮನೆಗೆ ಬಂದ ಮೇಲೆ ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಟ್ಟು ಮಲಗುತ್ತೇನೆ. ಪಕ್ಕದ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿಯೇ ಸೇರಿಸಿದವು. ನಮ್ಮಲ್ಲಿ ನಾವೆಲ್ಲ ಸೇರಿ ಕೇಳಿಕೊಂಡ ಮೇಲೆ ಮಾಲಕರು ಕೌಂಟರಿನ ಹಿಂದೆ ಸ್ಟೂಲುಗಳನ್ನು ಇರಿಸಿದ್ದಾರೆ. ಅದರಿಂದಾದ ಉಪಕಾರವನ್ನು ನಾನು ಸ್ಟಾಕಿಂಗ್ಸ್‌ಗಿಂತ ಕಡಿಮೆಯೆಂದು ಹೇಳಲಾರೆ.

ಧರಿಸಿದಾಗ ಬೆರಳು ತಣ್ಣಗಾದರೆ, ಮರಗಟ್ಟಿದರೆ ಅಥವಾ ಬಣ್ಣ ಬದಲಾದರೆ ಕೂಡಲೇ ಬಿಚ್ಚಬೇಕು. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋವಾದರೆ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನನ್ನ ಮಟ್ಟಿಗೆ, ಪಾದದ ಗಂಟಿನ ಒಳಬದಿಯ ಚರ್ಮ ಕಂದುಗಟ್ಟಿದರೆ ಅಥವಾ ಹುಣ್ಣಾಗುವ ಲಕ್ಷಣ ಕಂಡರೆ ಇನ್ನು ಕಾಯದೆ ಲೇಸರ್ ಚಿಕಿತ್ಸೆ ಮಾಡಿಸಿಕೊಳ್ಳುವುದೆಂದು ವೈದ್ಯರೊಂದಿಗೆ ಮಾತಾಗಿದೆ. ಅಲ್ಲಿಯವರೆಗೆ ಪ್ರತಿ ವರ್ಷ ತಪಾಸಣೆ ಮಾಡಿಸಿ, ಹೊಸ ಅಳತೆಯೊಂದಿಗೆ ಇದೇ ದರ್ಜೆಯ ಸ್ಟಾಕಿಂಗ್ಸ್ ಅನ್ನು ಮುಂದುವರಿಸುತ್ತೇನೆ.