ಗೋವಾಕ್ಕೆ ಹೊರಟವರೇ, ‘ಯುಪಿಎಫ್ 50+’ ಎಂದು ಅಚ್ಚು ಹಾಕಿದ ಜಾಕೆಟ್ ನಂಬುವ ಮುನ್ನ

ಮೇ ಮೊದಲ ವಾರ ವಾಸ್ಕೋದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆವು. ಹುಬ್ಬಳ್ಳಿಗೆ ಮರಳಿದ ಮೇಲೆ ಹತ್ತು ರಾತ್ರಿ ನಾನು ಬೋರಲಾಗಿ ಮಲಗಿದೆ. ಕಾರಣ, ಬಿಸಿಲು ತಡೆಯುತ್ತದೆಂದು ಮಾರುವ 399 ರೂಪಾಯಿಯ ಒಂದು ಜಾಕೆಟ್. ರಜೆ ಇನ್ನೂ ಮುಗಿದಿಲ್ಲ. ಮೊಬೈಲ್ ತೆರೆದರೆ ಅದೇ ಜಾಕೆಟ್ಟಿನ ಜಾಹೀರಾತು ಈಗಲೂ ಬರುತ್ತಿದೆ. ಕೊಳ್ಳುವ ಮೊದಲು ಇದನ್ನೊಮ್ಮೆ ಓದಿ.

ಹೊರಡುವ ಹತ್ತು ದಿನ ಮೊದಲು ಆನ್‌ಲೈನ್‌ನಲ್ಲಿ ಮೂರು ತರಿಸಿದ್ದೆ. ನನಗೊಂದು, ಹೆಂಡತಿಗೊಂದು, ಒಂಬತ್ತು ವರ್ಷದ ಮಗನಿಗೊಂದು. ತಿಳಿ ನೀಲಿ ಬಣ್ಣ, ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳು ಬಟ್ಟೆ, ಕೊರಳಿಗೆ ಹೊಲಿದ ಟೋಪಿ. ಬೆನ್ನ ಮೇಲೆ ಅಂಗೈ ಅಗಲದಲ್ಲಿ ‘ಯುಪಿಎಫ್ 50+’ ಎಂಬ ಅಚ್ಚು, ಬಟ್ಟೆ ಬಿಸಿಲನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಅಂಕಿ. ಮುಟ್ಟಿದರೆ ರಬ್ಬರಿನಂತೆ ಕೈಗೆ ತಾಕುವ ದಪ್ಪ ಬಿಳಿ ಬಣ್ಣ. ಇಡೀ ಜಾಕೆಟ್ ಮುದ್ದೆಯಾಗಿ ಮುಷ್ಟಿಯೊಳಗೆ ಅಡಗುತ್ತಿತ್ತು. ಅದನ್ನೇ ಅದರ ಗುಣ ಎಂದುಕೊಂಡೆ. ನನ್ನದು ಒಂದು ಅಳತೆ ಚಿಕ್ಕದಾಗಿತ್ತು. ಎರಡು ವರ್ಷದ ಹಿಂದಿನ ಹೊಟ್ಟೆಯನ್ನು ನೆನೆದು ಆರ್ಡರ್ ಮಾಡಿದ್ದರ ಫಲ. ಹಿಗ್ಗುವ ಬಟ್ಟೆಯಲ್ಲವೇ, ನಡೆಯುತ್ತದೆ ಎಂದು ಬಿಟ್ಟೆ.

ಅವ್ವ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದೇನೋ, ಸೊಳ್ಳೆ ಪರದೆಯಲ್ಲಿ ಅಂಗಿ ಹೊಲಿಸಿದ್ದೀಯಾ?” ಎಂದಳು. ಅವಳಿಗೇನು ಗೊತ್ತು ಎಂದು ನಕ್ಕೆ. ಅವಳು ಗೋವಾಕ್ಕೆ ಬಂದದ್ದು ಕಂದು ಕೆಂಪಿನ ಇಳಕಲ್ ಸೀರೆಯಲ್ಲಿ, ತೋಪು ತೆನೆಯ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು. ಆ ಸೀರೆಯನ್ನು ನೆನಪಿಟ್ಟುಕೊಳ್ಳಿ.

ಇಪ್ಪತ್ತು ವರ್ಷದಿಂದ ವಾಸ್ಕೋದಲ್ಲಿರುವ ಅಕ್ಕ ಮೊದಲೇ ಹೇಳಿದ್ದಳು: “ಸಮುದ್ರಕ್ಕೆ ಹೋಗುವುದಾದರೆ ಬೆಳಿಗ್ಗೆ ಏಳಕ್ಕೆ ಹೋಗಿ, ಒಂಬತ್ತೂವರೆಗೆ ಮನೆಗೆ ಬನ್ನಿ. ಇಲ್ಲವೇ ನಾಲ್ಕರ ಮೇಲೆ ಹೋಗಿ.” ನಾವು ಎದ್ದದ್ದೇ ಎಂಟಕ್ಕೆ. ಬಿಸಿ ಪಾವ್, ಭಾಜಿ ತಿಂದು, ಭಾವನ ಕಾರಿನಲ್ಲಿ ಕೋಲ್ವಾ ತಲುಪುವ ಹೊತ್ತಿಗೆ ಹತ್ತೂವರೆ. ಜಾಕೆಟ್ ಇದೆಯಲ್ಲ ಎಂಬ ಧೈರ್ಯ. ಅದರ ಕೆಳಗೆ ಸನ್‌ಸ್ಕ್ರೀನ್ ಕೂಡ ಹಚ್ಚಲಿಲ್ಲ. ಮುಖಕ್ಕೆ, ಕೈಗೆ ಮಾತ್ರ ಬಳಿದುಕೊಂಡೆ. ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು ಎಂದು ಡಬ್ಬಿಯ ಮೇಲೇ ಬರೆದಿತ್ತು, ಓದಿದವರು ಯಾರು.

ಮಗ ಹೊಸ ಜಾಕೆಟ್ ಬೇಡವೆಂದು ಹಟ ಹಿಡಿದು ಶಾಲೆಯ ಆಟದ ಟೀ ಶರ್ಟನ್ನೇ ಹಾಕಿಕೊಂಡಿದ್ದ. ದಪ್ಪ ಪಾಲಿಸ್ಟರ್, ಕಡು ನೀಲಿ. “ಸೆಕೆಯಲ್ಲಿ ಕಡು ಬಣ್ಣ ಹಾಕಿಕೊಂಡು ಬೇಯುತ್ತೀಯಾ” ಎಂದು ಗದರಿಸಿದ್ದೆ. ಬೆವತದ್ದು ನಿಜ. ಸುಟ್ಟುಕೊಳ್ಳಲಿಲ್ಲ, ಕಿವಿಯ ತುದಿ ಮತ್ತು ಕುತ್ತಿಗೆ ಬಿಟ್ಟು.

ಮರಳಿನ ಮೇಲೆ ಬಟ್ಟೆ ಮಾರುವ ಲಂಬಾಣಿ ಹೆಂಗಸೊಬ್ಬರು ನಮ್ಮ ಕನ್ನಡ ಕೇಳಿ ಹತ್ತಿರ ಬಂದು ಕುಳಿತರು. ಗದಗ ಕಡೆಯವರಂತೆ. ಮಣಿಕಟ್ಟಿನವರೆಗೆ ತೋಳು, ತಲೆಗೆ ದಪ್ಪ ವಸ್ತ್ರ, ಮುಖದ ಅರ್ಧ ಮಾತ್ರ ಕಾಣುತ್ತಿತ್ತು. ವ್ಯಾಪಾರ ಆಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ತೋಳಿನ ಬಟ್ಟೆಯನ್ನು ಚಿವುಟಿ, “ಅಣ್ಣಾ, ಇದು ಗಾಳಿಗೆ ಹಾಕುವ ಅಂಗಿ. ಬಿಸಿಲಿಗಲ್ಲ” ಎಂದರು. ಅವರು ತಮ್ಮ ಸರಕು ಮಾರಲು ಹಾಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಒಂದೇ ವಾರದಲ್ಲಿ ಮೂವರು ಹೆಂಗಸರು ಹೇಳಿದ ಮಾತನ್ನು ತಳ್ಳಿಹಾಕಿದ ದಾಖಲೆ ನನ್ನದು.

ಒಳ್ಳೆಯ ಗಾಳಿ ಬೀಸುತ್ತಿತ್ತು, ಮೋಸ ಮಾಡಿದ್ದು ಅದೇ. ಮೈಗೆ ತಂಪಾಗಿದ್ದರೆ ಬಿಸಿಲು ಕಡಿಮೆ ಎಂದು ನಮ್ಮ ಲೆಕ್ಕ. ಆದರೆ ಚರ್ಮವನ್ನು ಸುಡುವ ಅತಿನೇರಳೆ ಕಿರಣ ಮೈಗೆ ಬಿಸಿಯಾಗಿ ತಿಳಿಯುವುದೇ ಇಲ್ಲ. ಸುಮಾರು ಹನ್ನೆರಡೂವರೆಗೆ ಮಗ ನೀರಿನಂಚಿನಲ್ಲಿ ನಿಂತು, “ಅಪ್ಪಾ, ನನ್ನ ನೆರಳು ಕಾಲಡಿ ಹೋಗಿದೆ” ಎಂದು ಕೂಗಿದ. ಮೇ ಮೊದಲ ವಾರ ಗೋವಾದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಅದೂ ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಅಂದರೆ ಎರಡು ಗಂಟೆ ಎಂದು ನಾವು ಸಮಾಧಾನಪಡುವ ಹೊತ್ತಿಗೆ ಅಲ್ಲಿ ಇನ್ನೂ ಒಂದೂವರೆ ತಾಸಿನ ಹಿಂದಷ್ಟೇ ನಡುಹಗಲಾಗಿರುತ್ತದೆ. ಹವಾಮಾನದ ಆ್ಯಪ್‌ಗಳಲ್ಲಿ ಯುವಿ (ಅತಿನೇರಳೆ) ಸೂಚ್ಯಂಕ ಎಂದು ಒಂದು ಅಂಕಿ ಇರುತ್ತದೆ. 3 ದಾಟಿದರೆ ರಕ್ಷಣೆ ಬೇಕು, 11 ದಾಟಿದರೆ ಅತಿ ಅಪಾಯ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಆಕಾಶ ಸ್ವಚ್ಛವಾಗಿದ್ದರೆ ಗೋವಾದ ಮೇ ಮಧ್ಯಾಹ್ನ 11 ಮುಟ್ಟುವುದು ಮಾಮೂಲು. ನಾನು ಆ ಆ್ಯಪ್ ನೋಡುತ್ತಿದ್ದದ್ದು ಮಳೆ ಬರುತ್ತದೆಯೇ ಎಂದು ತಿಳಿಯಲು ಮಾತ್ರ.

ನಾಲ್ಕು ತಾಸು. ಅದರಲ್ಲಿ ಎರಡು ತಾಸು ಅಲೆಗೆ ಬೆನ್ನು ಕೊಟ್ಟು, ಒದ್ದೆ ಜಾಕೆಟ್ಟಿನಲ್ಲಿ.

ಸಂಜೆ ಬೆನ್ನು ಸ್ವಲ್ಪ ಬಿಗಿದಂತೆ ಅನಿಸಿತು, ಅಷ್ಟೆ. ರಾತ್ರಿ ಹನ್ನೊಂದಕ್ಕೆ ಬೆಡ್‌ಶೀಟ್ ತಾಕಿದರೂ ಜೀವ ಹೋಗುವಂತಾಯಿತು. ಮೈಯೆಲ್ಲ ಚಳಿ, ಬೆನ್ನು ಮಾತ್ರ ಕಾದ ಹಂಚು. ಅವ್ವ ಹೆದರಿ ತುಪ್ಪ ಸವರಿದಳು. ಅದು ಇನ್ನಷ್ಟು ಉರಿಸಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಉರಿ ಏರುತ್ತಲೇ ಹೋಯಿತು. ಬಿಸಿಲಿನ ಸುಟ್ಟ ಗಾಯದ ಗುಣವೇ ಹಾಗಂತೆ, ಕೆಲವು ತಾಸು ಬಿಟ್ಟು ಶುರುವಾಗಿ ಸುಮಾರು ಒಂದು ದಿನಕ್ಕೆ ತುದಿ ಮುಟ್ಟುತ್ತದೆ. ಭುಜದ ಮೇಲೆ, ಬಟ್ಟೆ ಅತಿ ಬಿಗಿಯಾಗಿ ಹಿಗ್ಗಿದ್ದಲ್ಲಿ, ಸಾಬೂದಾಣಿಯಂಥ ನೀರ್ಗುಳ್ಳೆಗಳು ಎದ್ದಿದ್ದವು.

ಅಷ್ಟರಲ್ಲಿ ಮಗ ಬಂದವನು ನನ್ನ ಬೆನ್ನು ನೋಡಿ ಬೆರಳಿಟ್ಟು ಓದತೊಡಗಿದ. “ಯು… ಪಿ… ಎಫ್… ಐವತ್ತು… ಪ್ಲಸ್.”

ಹೆಂಡತಿ ಫೋಟೋ ತೆಗೆದು ತೋರಿಸಿದಳು. ಇಡೀ ಬೆನ್ನು ದಾಳಿಂಬೆ ಕೆಂಪು. ನಡುವೆ, ಎರಡು ಹೆಗಲಿನ ಮಧ್ಯೆ, ನನ್ನ ಸಹಜ ಬಣ್ಣದಲ್ಲಿ ಅಚ್ಚುಕಟ್ಟಾದ ಅಕ್ಷರಗಳು. ಆ ರಬ್ಬರಿನಂಥ ಅಚ್ಚು ಇದ್ದಲ್ಲಿ ಮಾತ್ರ ಬಿಸಿಲು ತಡೆದಿತ್ತು. ಹೊಲಿಗೆ ಎರಡು ಪದರವಾದಲ್ಲಿ ಒಂದು ಗೆರೆ ಕೂಡ ಉಳಿದಿತ್ತು. ಜಾಕೆಟ್ಟಿನಲ್ಲಿ ನಿಜ ಹೇಳಿದ್ದು ಆ ಅಚ್ಚು ಒಂದೇ. ಮನೆಯವರೆಲ್ಲ ನಕ್ಕರು. ನನಗೂ ನಗು ಬಂತು, ನಕ್ಕರೆ ಬೆನ್ನು ಎಳೆಯುತ್ತಿತ್ತು.

ಹತ್ತಿರದ ವೈದ್ಯೆ ಕಾರವಾರ ಕಡೆಯವರು, ಕನ್ನಡದಲ್ಲೇ ಬೈದರು. ಐಸ್ ಇಡಬೇಡಿ, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು, ತುಪ್ಪ, ಎಣ್ಣೆ ಕಾವನ್ನು ಒಳಗೇ ಹಿಡಿದಿಡುತ್ತವೆ, ಗುಳ್ಳೆ ಒಡೆಯಬೇಡಿ, ನೀರು ಜಾಸ್ತಿ ಕುಡಿಯಿರಿ. ಯಾವುದಾದರೂ ಮಾತ್ರೆ ನುಂಗುತ್ತಿದ್ದೀರಾ ಎಂದೂ ಕೇಳಿದರು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್‌ನಂಥ ಕೆಲವು ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತವಂತೆ. ನಾನು ಏನೂ ನುಂಗುತ್ತಿರಲಿಲ್ಲ. “ನಮ್ಮ ಬಣ್ಣಕ್ಕೆ ಬಿಸಿಲು ಏನು ಮಾಡುತ್ತದೆ ಮೇಡಂ, ಬಿಳಿಯರಿಗೆ ತಾನೇ ಇದೆಲ್ಲ?” ಎಂದೆ. ಅವರು ಉತ್ತರ ಹೇಳದೆ ನನ್ನ ಮೊಬೈಲಿನಲ್ಲಿದ್ದ ಬೆನ್ನಿನ ಫೋಟೋವನ್ನೇ ನನ್ನತ್ತ ತಿರುಗಿಸಿದರು. ಕಪ್ಪು ಚರ್ಮ ತಡವಾಗಿ ಸುಡುತ್ತದೆ, ಸುಡುವುದೇ ಇಲ್ಲ ಎಂದಲ್ಲ.

ಮಾಡಲು ಬೇರೆ ಕೆಲಸವಿರಲಿಲ್ಲ, ಭಾವನ ಸ್ನೇಹಿತರ ಅಂಗಡಿಯಲ್ಲಿ ಕಳ್ಳನೋಟು ನೋಡುವ ನೀಲಿ ದೀಪವಿತ್ತು. ಆ ದೀಪಕ್ಕೆ ಹಿಡಿದರೆ ನೋಟಿನ ಸಂಖ್ಯೆ ಹೊಳೆಯುತ್ತದೆ. ನೋಟನ್ನು ಕೆಳಗಿಟ್ಟು, ದೀಪಕ್ಕೂ ನೋಟಿಗೂ ನಡುವೆ ಜಾಕೆಟ್ ಅಡ್ಡ ಹಿಡಿದು ಪಕ್ಕದಿಂದ ಬಗ್ಗಿ ನೋಡಿದೆವು. ಸಂಖ್ಯೆ ಹೊಳೆಯಿತು. ಬಟ್ಟೆಯನ್ನು ಎರಡೂ ಕಡೆ ಜಗ್ಗಿದಾಗ ಇನ್ನೂ ಚೆನ್ನಾಗಿ ಹೊಳೆಯಿತು. ನೀರು ಚಿಮುಕಿಸಿ ಜಗ್ಗಿದಾಗ ಅಡ್ಡ ಏನೂ ಇಲ್ಲವೇನೋ ಎಂಬಂತೆ. ಮಗನ ಶಾಲೆಯ ಟೀ ಶರ್ಟ್ ಹಿಡಿದಾಗ ಮಸುಕು. ಅವ್ವನ ಸೀರೆ ಹಿಡಿದಾಗ ಕತ್ತಲು. ಇದೇನು ಪ್ರಯೋಗಾಲಯದ ಪರೀಕ್ಷೆಯಲ್ಲ. ಆ ದೀಪದಲ್ಲಿ ಬರುವುದು ಯುವಿ-ಎ ಮಾತ್ರ, ಚರ್ಮವನ್ನು ಹೆಚ್ಚು ಕೆಂಪಾಗಿಸುವುದು ಯುವಿ-ಬಿ. ಆದರೂ ಅವ್ವನ ಮುಖ ನೋಡಬೇಕಿತ್ತು.

ಆಮೇಲೆ ಓದಿ ತಿಳಿದದ್ದು ಇದು. ಯುಪಿಎಫ್ ಎಂಬುದು ಬಟ್ಟೆಯ ಅಳತೆ. 50 ಎಂದರೆ ಬಿದ್ದ ಅತಿನೇರಳೆ ಕಿರಣದ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ. 2, ಮಾತ್ರ ಒಳಗೆ ಹೋಗುತ್ತದೆ ಎಂದರ್ಥ. ಇದಕ್ಕೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 1996ರಲ್ಲೇ ಒಂದು ಮಾನದಂಡ ತಂದವು, ಎಎಸ್/ಎನ್‌ಜೆಡ್‌ಎಸ್ 4399 ಎಂದು ಅದರ ಸಂಖ್ಯೆ. ಪರೀಕ್ಷೆ ಮಾಡಿಸಿದ ಕಂಪನಿ ಇಂಥ ಯಾವುದಾದರೂ ಮಾನದಂಡದ ಸಂಖ್ಯೆಯನ್ನು ಚೀಟಿಯಲ್ಲಿ ಹಾಕಿಕೊಳ್ಳುತ್ತದೆ, ತನ್ನ ಹೆಸರನ್ನೂ ಹಾಕಿಕೊಳ್ಳುತ್ತದೆ. ನನ್ನ ಜಾಕೆಟ್ಟಿನ ಒಳಚೀಟಿಯಲ್ಲಿ ‘ಎಲ್’ ಎಂಬ ಅಕ್ಷರ ಬಿಟ್ಟರೆ ಬೇರೇನೂ ಇರಲಿಲ್ಲ. ಯಾರು ಹೊಲಿದರು, ಯಾವ ನೂಲು, ಹೇಗೆ ಒಗೆಯಬೇಕು, ಒಂದೂ ಇಲ್ಲ. ಬೆನ್ನ ಮೇಲಿನ ಅಂಕಿ ಬರೀ ಚಿತ್ತಾರ.

ಇನ್ನೊಂದು ವಿಷಯ ನನಗೆ ತಲೆಗೆ ಹೊಡೆದಂತಾಯಿತು. ಆ ಪರೀಕ್ಷೆ ನಡೆಯುವುದೇ ಹೊಸ, ಒಣ, ಹಿಗ್ಗಿಸದ ಬಟ್ಟೆಯ ಮೇಲೆ. ಅಸಲಿ ಅಂಗಿಯಾದರೂ ಒಂದು ಅಳತೆ ಚಿಕ್ಕದು ಕೊಂಡು ಜಗ್ಗಿ ತೊಟ್ಟರೆ ನೂಲಿನ ನಡುವಿನ ಕಿಂಡಿಗಳು ತೆರೆದುಕೊಳ್ಳುತ್ತವೆ. ಇನ್ನು ತೆಳು ಬಿಳಿ ಹತ್ತಿ ಟೀ ಶರ್ಟ್ ಹಾಕಿ ನೀರಿಗಿಳಿಯುವವರಿಗೆ: ಅದರ ಯುಪಿಎಫ್ ಒಣಗಿದ್ದಾಗಲೇ ಸುಮಾರು 7, ಒದ್ದೆಯಾದರೆ 3ರ ಆಸುಪಾಸು. ಕಾಗದಕ್ಕೆ ಎಣ್ಣೆ ಬಿದ್ದರೆ ಆಚೆಯದು ಕಾಣುತ್ತದಲ್ಲ, ಹಾಗೆಯೇ ನೂಲಿನ ಸಂದಿಯ ಗಾಳಿಯ ಜಾಗಕ್ಕೆ ನೀರು ತುಂಬಿ ಬೆಳಕು ಸಲೀಸಾಗಿ ದಾಟುತ್ತದೆ. ಒತ್ತಾದ ನೇಯ್ಗೆ, ಕಡು ಬಣ್ಣ, ಸಡಿಲ ಹೊಲಿಗೆ ಇದ್ದರೆ ಯಾವ ಅಂಕಿಯೂ ಇಲ್ಲದ ಬಟ್ಟೆ ಕೂಡ ಕಾಯುತ್ತದೆ. ಕೊಳ್ಳುವಾಗ ಅಂಗಿಯೊಳಗೆ ಕೈ ತೂರಿಸಿ ಬೆಳಕಿಗೆ ಹಿಡಿಯಿರಿ. ಬೆರಳು ಎಣಿಸಲು ಬಂದರೆ ಅಲ್ಲೇ ಇಟ್ಟು ಬನ್ನಿ.

ಹಾಗೆಂದು ಬಿಗಿಯಾದ ದಪ್ಪ ಸಿಂಥೆಟಿಕ್ ತೊಟ್ಟು ಇಡೀ ದಿನ ಓಡಾಡಬೇಡಿ. ಗೋವಾದ ಮೇ ತಿಂಗಳ ಗಾಳಿಯಲ್ಲಿ ನೀರಿನಂಶ ಎಷ್ಟೆಂದರೆ ಬೆವರು ಆರುವುದೇ ಇಲ್ಲ, ಮಗನಿಗೆ ಎರಡೇ ದಿನದಲ್ಲಿ ಕಂಕುಳ ಸುತ್ತ ಬೆವರುಸಾಲೆ ಎದ್ದಿತು. ಈಜುವಾಗ ಒಂದು, ತಿರುಗಾಡುವಾಗ ಸಡಿಲವಾದ ಇನ್ನೊಂದು ಎಂದು ಇಟ್ಟುಕೊಳ್ಳುವುದು ಲೇಸು. ಹೆಂಡತಿ ಹೆಚ್ಚು ಹೊತ್ತು ಕೊಡೆಯ ಕೆಳಗೇ ಇದ್ದಳು, ಆದರೂ ಗದ್ದದ ಕೆಳಭಾಗ ಕೆಂಪಾಗಿತ್ತು. ಒಣ ಮರಳು ಸುಮಾರು ಶೇ. 15ರಷ್ಟು, ನೊರೆ ಶೇ. 25ರಷ್ಟು ಅತಿನೇರಳೆ ಕಿರಣವನ್ನು ಮೇಲಕ್ಕೆ ಎಸೆಯುತ್ತವೆ ಎಂದು ಆಮೇಲೆ ಓದಿದೆವು.

ಹಿಂದಿರುಗುವಾಗ ರೈಲಿನಲ್ಲಿ ಕುಳೆಯಿಂದ ಕ್ಯಾಸಲ್ ರಾಕ್‌ವರೆಗೆ ಘಾಟ್ ಹತ್ತುತ್ತಿದ್ದರೆ ಎಲ್ಲರೂ ದೂಧಸಾಗರ ನೋಡಲು ಬಾಗಿಲಿಗೆ ಓಡಿದರು. ನಾನು ಮುಂದಿನ ಸೀಟಿಗೆ ಹಣೆ ಆನಿಸಿ, ಬೆನ್ನಿಗೆ ಏನೂ ತಾಕದಂತೆ ಕುಳಿತಿದ್ದೆ.

ಮಾರಾಟಗಾರರಿಗೆ ದೂರು ಕೊಟ್ಟಾಗ ಬಂದ ಉತ್ತರ: ಬಟ್ಟೆ ಬಳಸಿದ್ದೀರಿ, ವಾಪಸಿನ ಏಳು ದಿನದ ಅವಧಿ ಮುಗಿದಿದೆ. ಮೂರರಲ್ಲಿ ಮಗನದು ಪೊಟ್ಟಣದಿಂದ ಹೊರಗೇ ಬಂದಿರಲಿಲ್ಲ, ಅದಕ್ಕೂ ಅದೇ ಉತ್ತರ. ಬೆನ್ನಿನ ಫೋಟೋ ಕಳಿಸಿದೆ. “ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ” ಎಂದು ಯಂತ್ರದ ಸಂದೇಶ ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ನಿಮಗೂ ಹೀಗಾದರೆ ಪೊಟ್ಟಣ, ಚೀಟಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಎಸೆಯದೆ ಇಟ್ಟುಕೊಳ್ಳಿ. ನನ್ನ ದೂರಿನ ನಂತರ ಆ ಜಾಹೀರಾತಿನ ಪುಟದಲ್ಲಿ ಅಂಕಿ ಮಾಯವಾಗಿ ‘ಬೇಸಿಗೆಗೆ ತಂಪು’ ಎಂದಷ್ಟೇ ಉಳಿದಿದೆ. ದೂರಿನ ಗತಿ ಏನಾಯಿತೆಂದು ಇನ್ನೂ ತಿಳಿದಿಲ್ಲ.

ಬೆನ್ನಿನ ಸಿಪ್ಪೆ ಎದ್ದು ಹೋಗಿದೆ. ಮಗ ದಿನಾ ಬೆಳಿಗ್ಗೆ ಬನಿಯನ್ ಎತ್ತಿ ನೋಡಿ ವರದಿ ಕೊಡುತ್ತಾನೆ. ನಿನ್ನೆಯ ವರದಿಯಂತೆ 5 ಪೂರ್ತಿ ಮಾಸಿದೆ, ಸೊನ್ನೆ ಇನ್ನೂ ಕಾಣುತ್ತಿದೆ.