ಎರಡನೆಯ ಈಡು: .32, .357 ಮತ್ತು .44 ರಿವಾಲ್ವರ್‌ಗಳನ್ನು ಹಾರಿಸಿ ನೋಡಿದ ಮೇಲೆ

ಕಳೆದ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಎರಡು ಹಳೆಯ ರಿವಾಲ್ವರ್‌ಗಳು ಮಾರಾಟಕ್ಕಿವೆ ಎಂಬ ಸುದ್ದಿ ಒಂದೇ ತಿಂಗಳಲ್ಲಿ ನನ್ನ ಕಿವಿಗೆ ಬಿತ್ತು. ಹಾನುಬಾಳಿನ ಹಿರಿಯ ಬೆಳೆಗಾರರೊಬ್ಬರ ಬಳಿ ಇದ್ದದ್ದು ಸ್ಟೇನ್‌ಲೆಸ್ ಉಕ್ಕಿನ ರೂಗರ್ ಸೆಕ್ಯುರಿಟಿ ಸಿಕ್ಸ್, .357 ಮ್ಯಾಗ್ನಮ್, ನಾಲ್ಕು ಅಂಗುಲದ ನಳಿಗೆಯದು. ಆಲ್ದೂರಿನ ಕಡೆಯ ಇನ್ನೊಬ್ಬರ ಬಳಿ ಇದ್ದದ್ದು ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 29, .44 ಮ್ಯಾಗ್ನಮ್, ಆರೂವರೆ ಅಂಗುಲದ ನೀಲಿಗಪ್ಪು ನಳಿಗೆಯದು. (.357, .44 ಎಂಬಂಥ ಸಂಖ್ಯೆಗಳು ಗುಂಡಿನ ಸರಿಸುಮಾರು ಅಗಲ, ಅಂಗುಲದಲ್ಲಿ; ಮ್ಯಾಗ್ನಮ್ ಎಂದರೆ ಹೆಚ್ಚು ಬಲದ ಕಾಡತೂಸು.) 1980ರ ದಶಕದಲ್ಲಿ ಆಮದಿನ ಬಾಗಿಲು ಮುಚ್ಚಿದ ಮೇಲೆ ಇಂಥ ವಿದೇಶಿ ರಿವಾಲ್ವರ್‌ಗಳು ಮಲೆನಾಡಿನಲ್ಲಿ ಕೈ ಬದಲಾಗುವುದು ಅಪರೂಪ, ಬದಲಾದಾಗ ಬೆಲೆ ಲಕ್ಷಗಳಲ್ಲಿ ಇರುತ್ತದೆ.

ಆದರೆ ಹಣಕ್ಕಿಂತ ದೊಡ್ಡ ಪ್ರಶ್ನೆ ಪರವಾನಗಿಯದಾಗಿತ್ತು. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆಯ ನಂತರ ಒಬ್ಬರ ಹೆಸರಿನಲ್ಲಿ ಮೂರರ ಬದಲು ಎರಡೇ ಬಂದೂಕು ಇರಬಹುದು. ನನ್ನ ಪರವಾನಗಿ ಪುಸ್ತಕದಲ್ಲಿ ಅಪ್ಪನಿಂದ ಬಂದ 12 ಬೋರ್ ಜೋಡಿನಳಿಗೆ ಕೋವಿಯೂ ನಾನೇ ಕೊಂಡಿದ್ದ ಕಾನ್ಪುರದ .32 ರಿವಾಲ್ವರೂ ಈಗಾಗಲೇ ಇದ್ದವು. ಅಪ್ಪನ ಕೋವಿಯನ್ನು ಬಿಡುವ ಮಾತೇ ಇಲ್ಲ. ಹಾಗಾಗಿ ದೊಡ್ಡ ಬೋರಿನ ರಿವಾಲ್ವರ್ ಬೇಕಾದರೆ ಹನ್ನೆರಡು ವರ್ಷ ಜೊತೆಗಿದ್ದ .32 ಹೋಗಬೇಕು. ಹೋಲಿಕೆ ನಿಜವಾಗಿ ಮೂರರ ನಡುವೆ ನಡೆಯಬೇಕಿತ್ತು.

ಆನೆಯ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ದೊಡ್ಡ ರಿವಾಲ್ವರಿನ ಸುದ್ದಿ ಎತ್ತಿದೊಡನೆ ಸಕಲೇಶಪುರ, ಆಲೂರು, ಮೂಡಿಗೆರೆಯ ನಮ್ಮ ಜನ ಕೇಳುವುದು ಅದು ಆನೆಗೆ ಸಾಕೇ ಎಂದೇ. ಆಫ್ರಿಕಾದ ಹಲವು ದೇಶಗಳಲ್ಲಿ ಆನೆಯಂಥ ಪ್ರಾಣಿಗೆ ಕನಿಷ್ಠವೆಂದು ನಿಗದಿಯಾಗಿರುವ .375 ರೈಫಲ್ಲಿನ ಗುಂಡು ಸುಮಾರು 5,800 ಜೌಲ್ ಶಕ್ತಿಯಿಂದ ಹೊರಡುತ್ತದೆ; .44 ಮ್ಯಾಗ್ನಮ್ 1,000ದಿಂದ 1,300 ಜೌಲ್‌ನಲ್ಲಿ ನಿಲ್ಲುತ್ತದೆ. ಗಾಯಗೊಂಡ ಆನೆ ಮರುದಿನ ಕೂಲಿಯವರ ಲೈನ್ ಮನೆಗಳ ಮುಂದೆ ನಿಂತಿರುತ್ತದೆ. ಕಾನೂನು ಹೇಗೂ ಆನೆಗೆ ಗುಂಡು ಹಾರಿಸಲು ಅವಕಾಶ ಕೊಡುವುದಿಲ್ಲ, ಕೊಡಲೂ ಬಾರದು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಂದೇಶ ಬಂದ ದಿನ ತೋಟದ ಆ ಭಾಗದ ಕೆಲಸ ನಿಲ್ಲಿಸುವುದೇ ದಾರಿ. ನನಗೆ ರಿವಾಲ್ವರ್ ಬೇಕಾಗಿರುವುದು ಹತ್ತಿರದ ಮನೆ ಒಂದೂವರೆ ಕಿಲೋಮೀಟರ್ ದೂರದಲ್ಲಿರುವ ಒಂಟಿ ಬಂಗಲೆಗೆ, ಜೊತೆಗೆ ಗುರಿಗಾರಿಕೆಯ ಮೇಲಿನ ಪ್ರೀತಿಗೆ.

ಮಗಳು ಅರಿಜೋನಾದಲ್ಲಿ ಇರುವುದರಿಂದ ಕೊಳ್ಳುವ ಮೊದಲು ಹಾರಿಸಿ ನೋಡುವ ಅವಕಾಶ ನನಗೆ ಒದಗಿತು. ಭೇಟಿ ವೀಸಾದಲ್ಲಿ ಹೋದವರು ಅಲ್ಲಿ ಬಂದೂಕು ಮುಟ್ಟಬೇಕಾದರೆ ಸಾಮಾನ್ಯವಾಗಿ ಆ ದೇಶದ ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಕೈಯಲ್ಲಿರಬೇಕು. ಅದನ್ನು ಮೊದಲು ಮಾಡಿಸಿಕೊಂಡು, ಬಾಡಿಗೆಗೆ ಬಂದೂಕು ಕೊಡುವ ಗುರಿಮೈದಾನಕ್ಕೆ ಅಳಿಯನ ಜೊತೆ ಐದು ದಿನ ಹೋದೆ. ಸೆಕ್ಯುರಿಟಿ ಸಿಕ್ಸ್‌ನ ನಂತರ ಬಂದ ಅದೇ ಕಂಪನಿಯ ಜಿಪಿ100 ಅಲ್ಲಿತ್ತು. ಮಾಡೆಲ್ 29ರ ಸ್ಟೇನ್‌ಲೆಸ್ ರೂಪವಾದ ಮಾಡೆಲ್ 629 ಸಹ ಇತ್ತು. ಊರಿನಲ್ಲಿ ಕಾದಿರುವ ಎರಡಕ್ಕೂ ಇಷ್ಟು ಹತ್ತಿರದ ಬಂಧುಗಳು ಒಂದೇ ಕಡೆ ಸಿಕ್ಕಿದ್ದು ನನ್ನ ಅದೃಷ್ಟ.

.357 ಮ್ಯಾಗ್ನಮ್ 1935ರಲ್ಲಿ ಬಂದದ್ದು. ಅದಕ್ಕಿಂತ ಹಳೆಯ, ಮೆದುವಾದ .38 ಸ್ಪೆಷಲ್ ಕಾಡತೂಸಿನ ಕೇಸನ್ನೇ (ಮದ್ದು ತುಂಬುವ ಲೋಹದ ಕೊಳವೆ) ಸುಮಾರು 3 ಮಿಲಿಮೀಟರ್ ಉದ್ದ ಮಾಡಿ, ಹಳೆಯ ದುರ್ಬಲ ರಿವಾಲ್ವರ್‌ಗಳಲ್ಲಿ ಅದು ಕೂರದಂತೆ ನೋಡಿಕೊಂಡರು. ಆದ್ದರಿಂದ .357 ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾರಿಸಬಹುದು, ತಿರುಗಾಮುರುಗಾ ಆಗದು. ಮೊದಲ ದಿನ ಪೂರ್ತಿ ನಾನು ಜಿಪಿ100ರಲ್ಲಿ .38 ಹಾರಿಸಿದೆ, ಅದು ಒದೆಯುವುದೇ ಇಲ್ಲ ಎನ್ನಬಹುದು. ಎರಡನೆಯ ದಿನ 158 ಗ್ರೇನ್ (ಸುಮಾರು 10 ಗ್ರಾಂ) ಗುಂಡಿನ ಪೂರ್ಣ ಮ್ಯಾಗ್ನಮ್ ತುಂಬಿದಾಗ ಸದ್ದು ಕಿವಿಮುಚ್ಚುಗೆಯನ್ನೂ ದಾಟಿ ಎದೆಗೆ ಬಡಿಯಿತು, ಆದರೆ ಕೈಯಲ್ಲಿ ಅನುಭವವಾದದ್ದು ಒಂದು ಗಟ್ಟಿಯಾದ ತಳ್ಳು ಮಾತ್ರ. ಸುಮಾರು 1.1 ಕಿಲೋ ತೂಕದ ಉಕ್ಕು ಒದೆತದ ಬಹುಪಾಲನ್ನು ತಾನೇ ನುಂಗಿಕೊಂಡಿತು. 15 ಗಜದಲ್ಲಿ ಆರು ಗುಂಡುಗಳು ನನ್ನ ಅಂಗೈಯಗಲದಲ್ಲಿ ಬಿದ್ದವು. ನನ್ನ .32ರಲ್ಲಿಯೂ ಇಷ್ಟೇ ಬೀಳುತ್ತವೆ, ಆದರೆ ಆ ಗುಂಡಿನ ಶಕ್ತಿ 200 ಜೌಲ್‌ನೊಳಗೆ, ಇದರದ್ದು ಸುಮಾರು 700.

.44 ಮ್ಯಾಗ್ನಮ್ ಬೇರೆಯೇ ಸ್ವಭಾವದ್ದು. ಎಲ್ಮರ್ ಕೀತ್ ಎಂಬ ಅಮೆರಿಕದ ಬೇಟೆಗಾರ ವರ್ಷಗಟ್ಟಲೆ .44 ಸ್ಪೆಷಲ್ ಎಂಬ ಹಳೆಯ ಕಾಡತೂಸಿಗೆ ಭಾರವಾಗಿ ಮದ್ದು ತುಂಬಿ ಪ್ರಯೋಗ ಮಾಡಿದ್ದರ ಫಲವಾಗಿ 1955ರಲ್ಲಿ ಅದು ಹೊರಬಂತು; ಹುಟ್ಟಿದ್ದೇ ಬೇಟೆಗಾಗಿ. 629ರ ತೂಕ ಸುಮಾರು 1.3 ಕಿಲೋ. 240 ಗ್ರೇನಿನ ಮೊದಲ ಈಡಿಗೆ ನಳಿಗೆ ಹಣೆಯ ಮಟ್ಟಕ್ಕೆ ಎದ್ದಿತು, ಹೆಬ್ಬೆರಳಿನ ಬುಡದಲ್ಲಿ ಮಚ್ಚಿನ ಹಿಡಿ ತಗುಲಿದಂತೆ ನೋವಾಯಿತು. ಆ ಒಂದು ಈಡು ಮಾತ್ರ ಗುರಿಯ ಮಧ್ಯದಲ್ಲೇ ಇತ್ತು. ಉಳಿದ ಐದು ಕೆಳಗೆ, ಎಡಕ್ಕೆ, ಒಂದು ಹಾಳೆಯಿಂದಲೇ ಹೊರಗೆ. ದೊಡ್ಡ ಬೋರಿನ ವಿಚಾರದಲ್ಲಿ ಜನ ಮೊದಲ ಈಡಿನ ಕತೆಯನ್ನು ಹೇಳುತ್ತಾರೆ, ಎರಡನೆಯದರ ಬಗ್ಗೆ ಮಾತನಾಡುವುದಿಲ್ಲ ಎಂಬುದು ನನಗೆ ಅಲ್ಲಿ ಸ್ಪಷ್ಟವಾಯಿತು.

ಮೂರನೆಯ ದಿನ ಅಳಿಯ ಒಂದು ಪರೀಕ್ಷೆ ಮಾಡಿಸಿದ, ಇಡೀ ಹೋಲಿಕೆಯಲ್ಲಿ ನನಗೆ ಅತ್ಯಂತ ಉಪಯೋಗವಾದದ್ದು ಅದು. ನಾನು ಬೆನ್ನು ತಿರುಗಿಸಿ ನಿಂತಿರುವಾಗ, ಕಾಡತೂಸು ಕೂರುವ ಆರು ಕೋಣೆಗಳ ತಿರುಗುವ ಸಿಲಿಂಡರಿನಲ್ಲಿ ನಾಲ್ಕು ತುಂಬಿದ ಕಾಡತೂಸು, ಎರಡು ಹಾರಿಸಿದ ಖಾಲಿ ಕೇಸು ಸೇರಿಸಿ, ತಿರುಗಿಸಿ ಮುಚ್ಚಿ ಕೈಗೆ ಕೊಟ್ಟ. ಯಾವ ಕೋಣೆಯಲ್ಲಿ ಏನಿದೆಯೆಂದು ಹಾರಿಸುವವನಿಗೆ ಗೊತ್ತಿರುವುದಿಲ್ಲ. ಕಾಡತೂಸಿಗೆ ಬಡಿಯುವ ಹ್ಯಾಮರ್ ಖಾಲಿ ಕೇಸಿನ ಮೇಲೆ ಬಿದ್ದಾಗ ಸದ್ದಿಲ್ಲ, ಒದೆತವಿಲ್ಲ, ಕೈ ಮಾಡಿದ ತಪ್ಪು ಮಾತ್ರ ಕಣ್ಣೆದುರು ಉಳಿಯುತ್ತದೆ. ಜಿಪಿ100ರಲ್ಲಿ ನಳಿಗೆಯ ತುದಿ ಒಂದು ಕಾಳುಮೆಣಸಿನಷ್ಟು ತಗ್ಗಿತು. 629ರಲ್ಲಿ ಅದು ಎರಡು ಬೆರಳಿನಷ್ಟು ಕೆಳಗೆ ಕುಸಿಯಿತು. ಒದೆತ ಬರುವ ಮೊದಲೇ ಮಣಿಕಟ್ಟು ಅದಕ್ಕೆ ಹೆದರಿ ಮುಂದಕ್ಕೆ ಬಾಗಿತ್ತು. ಆ ಕೋಣೆಯಲ್ಲಿ ನಿಜವಾದ ಗುಂಡಿದ್ದರೆ ಗುರಿಗೆ ಎಷ್ಟೋ ಅಡಿ ಮೊದಲೇ ಮಣ್ಣಿಗೆ ಬೀಳುತ್ತಿತ್ತು. ಮುಂದಿನ ಎರಡು ದಿನ .44 ಸ್ಪೆಷಲ್‌ನಿಂದ ಆರಂಭಿಸಿ ನಿಧಾನವಾಗಿ ಮೇಲೇರಿ, ಸುಮಾರು ಇನ್ನೂರು ಕಾಡತೂಸು ಮುಗಿದ ಮೇಲೆ, ಆ ಕುಸಿತ ಅರ್ಧಕ್ಕೆ ಇಳಿಯಿತು. .44ನ್ನು ಕಲಿಯಲು ಸಾಧ್ಯ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಕಲಿಕೆ ಉಳಿಯಬೇಕಾದರೆ ತಿಂಗಳು ತಿಂಗಳೂ ಹಾರಿಸುತ್ತಿರಬೇಕು, ಪರವಾನಗಿ ಪುಸ್ತಕದಲ್ಲಿ ವರ್ಷಕ್ಕಿಷ್ಟೇ ಎಂದು ಕಾಡತೂಸಿಗೆ ಮಿತಿಯಿರುವ, ವಿದೇಶಿ ಬೋರಿನ ಒಂದೊಂದು ಕಾಡತೂಸಿಗೂ ನೂರಾರು ರೂಪಾಯಿ ತೆರುವ ನಮ್ಮ ಕಡೆ ಅದು ನಡೆಯುವ ಮಾತಲ್ಲ.

ಇನ್ನೊಂದು ತೊಂದರೆಯೂ ಅಲ್ಲಿಯೇ ಕಂಡಿತು. ಯಾರೋ ಮನೆಯಲ್ಲಿ ಮರುತುಂಬಿದ .44 ಕಾಡತೂಸುಗಳನ್ನು ಹಾಕಿದ್ದಾಗ ನಾಲ್ಕನೆಯ ಈಡಿನ ನಂತರ ಸಿಲಿಂಡರ್ ತಿರುಗದೆ ಕಚ್ಚಿಕೊಂಡಿತು. ಬಾಯಿಯನ್ನು ಸರಿಯಾಗಿ ಒತ್ತಿ ಬಿಗಿಯದಿದ್ದ ಕಾಡತೂಸಿನ ಗುಂಡು, ಉಳಿದ ಈಡುಗಳ ಒದೆತದ ಜಗ್ಗಿಗೆ ಮುಂದಕ್ಕೆ ಜಾರಿ, ಸಿಲಿಂಡರಿನಾಚೆ ಇಣುಕಿ ಚೌಕಟ್ಟಿಗೆ ತಗುಲಿತ್ತು. .357ರ ಒದೆತದಲ್ಲಿ ಇಂಥದ್ದು ವಿರಳ.

ಕುತೂಹಲಕ್ಕೆ ಇನ್ನೆರಡನ್ನು ಹಾರಿಸಿದೆ. ರೂಗರ್ ಸೂಪರ್ ಬ್ಲ್ಯಾಕ್‌ಹಾಕ್ ಕೂಡ .44ನದ್ದೇ, ಆದರೆ ಪ್ರತಿ ಈಡಿಗೂ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆಯಬೇಕಾದ ಸಿಂಗಲ್ ಆಕ್ಷನ್. ಅದರ ಬಾಗಿದ ಹಿಡಿ ಒದೆತಕ್ಕೆ ಕೈಯೊಳಗೆ ಉರುಳುವುದರಿಂದ ಅದೇ ಕಾಡತೂಸು 629ರಷ್ಟು ನೋಯಿಸುವುದಿಲ್ಲ. ಬೇಟೆಗಾರರಿಗೆ ಒಳ್ಳೆಯದು, ನನ್ನ ಅಗತ್ಯಕ್ಕೆ ನಿಧಾನ. 2003ರಲ್ಲಿ ಬಂದ .500 ಸ್ಮಿತ್ ಅಂಡ್ ವೆಸ್ಸನ್ ಐದೇ ಕೋಣೆಯದು, ಉದ್ದ ನಳಿಗೆಯದಾದರೆ ತೂಕ ಎರಡು ಕಿಲೋ ದಾಟುತ್ತದೆ, ಶಕ್ತಿ ಸುಮಾರು 3,500 ಜೌಲ್. ಎರಡು ಈಡು ಹಾರಿಸಿ ಕೆಳಗಿಟ್ಟೆ.

ಊರಿಗೆ ಮರಳಿದ ಮೇಲೆ ಎರಡೂ ರಿವಾಲ್ವರ್‌ಗಳನ್ನು ಮಾಲೀಕರ ಸಮ್ಮುಖದಲ್ಲಿ ಬಿಚ್ಚಿ ನೋಡಿದೆ. ಆಲ್ದೂರಿನ ಮಾಡೆಲ್ 29 ನಾನು ಮುಟ್ಟಿದ ರಿವಾಲ್ವರ್‌ಗಳಲ್ಲೆಲ್ಲ ಸುಂದರವಾದದ್ದು. ಹ್ಯಾಮರನ್ನು ನಿಧಾನಕ್ಕೆ ಎಳೆದರೆ ಗಡಿಯಾರದ ಒಳಗಿನ ಸದ್ದಿನಂತೆ ಒಂದೊಂದೇ ಚಿಟುಕು ಕೇಳುತ್ತದೆ. ಆದರೆ ಅದನ್ನು ಇಟ್ಟಿದ್ದು ಚರ್ಮದ ಚೀಲದಲ್ಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೇ ಬೂಸು ಹಿಡಿಯುತ್ತದೆ; ಚರ್ಮ ಆ ತೇವವನ್ನು ಹೀರಿ ಉಕ್ಕಿಗೆ ಅಂಟಿಸಿಕೊಂಡು ಕೂರುತ್ತದೆ. ಸಿಲಿಂಡರಿನ ಬದಿಯಲ್ಲಿ, ಚರ್ಮ ತಾಗುವ ಕಡೆ, ರಾಗಿ ಕಾಳಿನ ಗಾತ್ರದ ತುಕ್ಕಿನ ಗುಳಿಗಳು ಸಾಲಾಗಿ ಎದ್ದಿದ್ದವು. ಅದು ಹಾರಿಸುವುದಕ್ಕೆ ಅಡ್ಡಿಯಲ್ಲ, ಆದರೂ ನೋಡಿ ಮನಸ್ಸಿಗೆ ನೋವಾಯಿತು. ಜೊತೆಗೆ ನನ್ನ ಬೆರಳುಗಳು ಗಿಡ್ಡ; ಆ ದೊಡ್ಡ ಚೌಕಟ್ಟಿನಲ್ಲಿ ಟ್ರಿಗರ್ ಮುಟ್ಟಲು ಕೈಯನ್ನೇ ಒಂದಿಷ್ಟು ಪಕ್ಕಕ್ಕೆ ಹೊರಳಿಸಬೇಕಾಗುತ್ತದೆ, ಹಾಗೆ ಹೊರಳಿಸಿದರೆ ಒದೆತ ನೇರವಾಗಿ ಹೆಬ್ಬೆರಳಿನ ಗೆಣ್ಣಿಗೆ ಬರುತ್ತದೆ.

ಹಾನುಬಾಳಿನ ಸೆಕ್ಯುರಿಟಿ ಸಿಕ್ಸ್ ನೋಡಲು ಅಷ್ಟೇನೂ ಚೆಂದವಲ್ಲ. ಹೊರಮೈಯಲ್ಲಿ ಗೀರುಗಳಿವೆ, ಮರದ ಹಿಡಿ ಒಂದು ಕಡೆ ಸೀಳಿದೆ. ತೂಕ ಒಂದು ಕಿಲೋಗೆ ಸ್ವಲ್ಪ ಕಡಿಮೆ, ಹಾಗಾಗಿ ಜಿಪಿ100ಕ್ಕಿಂತ ತುಸು ಹೆಚ್ಚು ಒದೆಯುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೇನೆ. ಆದರೆ ನಲವತ್ತು ಮಳೆಗಾಲ ಕಂಡರೂ ಎಲ್ಲಿಯೂ ತುಕ್ಕಿಲ್ಲ. ಆರೂ ಕೋಣೆಗಳು ಹ್ಯಾಮರ್ ಪೂರ್ತಿ ಹಿಂದೆ ಬರುವ ಮೊದಲೇ ನಳಿಗೆಯ ನೇರಕ್ಕೆ ಸರಿಯಾಗಿ ಬಂದು ನಿಲ್ಲುತ್ತವೆ, ನಿಂತ ಮೇಲೆ ಅಲ್ಲಾಡುವುದಿಲ್ಲ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯನ್ನು ಫೀಲರ್ ಗೇಜ್ ಹಾಕಿ ಅಳೆದಾಗ 0.15 ಮಿಲಿಮೀಟರ್ ಬಂತು. ಹೊಸ ರಿವಾಲ್ವರಿನಲ್ಲಿಯೂ ಇದಕ್ಕಿಂತ ಒಳ್ಳೆಯದನ್ನು ನಾನು ನಿರೀಕ್ಷಿಸುವುದಿಲ್ಲ.

.32ನ್ನು ಬಿಡುವುದು ಸುಲಭವಾಗಲಿಲ್ಲ. ಅದರ ಕಾಡತೂಸು ನಮ್ಮ ದೇಶದಲ್ಲೇ ತಯಾರಾಗುತ್ತದೆ, .357ಕ್ಕಿಂತ ಬಹಳ ಅಗ್ಗ, ಹೊಸದಾಗಿ ಕಲಿಯುವವರಿಗೆ ಇಂದಿಗೂ ನಾನು ಅದನ್ನೇ ಹೇಳುತ್ತೇನೆ. .357ರ ಕಾಡತೂಸು ಹುಡುಕಿ ತರಬೇಕು. ಆದರೂ .44ಕ್ಕೆ ಬೇಕಾದಷ್ಟು ಅಭ್ಯಾಸವನ್ನು ಅದು ಕೇಳುವುದಿಲ್ಲ. ವರ್ಷಕ್ಕೆ ಹತ್ತಾರು ಈಡು ಮಾತ್ರ ಹಾರಿಸಿದರೂ ಎರಡನೆಯ ಗುಂಡನ್ನು ಮೊದಲನೆಯದರ ಪಕ್ಕದಲ್ಲಿ ಇಡಬಲ್ಲೆ ಎಂಬ ನಂಬಿಕೆ ನನಗೆ ಬಂದಿದೆ.

.32ನ್ನು ಬಿಟ್ಟು .357ನ್ನು ಪುಸ್ತಕಕ್ಕೆ ಸೇರಿಸಿಕೊಳ್ಳಲು ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಅನುಮತಿ ಬಂದರೆ ಮೊದಲು ಆ ಸೀಳಿದ ಮರದ ಹಿಡಿಯನ್ನು ತೆಗೆಸಿ ರಬ್ಬರಿನದನ್ನು ಹಾಕಿಸಬೇಕು. ಜೊತೆಗೆ ಬಂದಿರುವ ಚರ್ಮದ ಚೀಲವನ್ನು ಹಾನುಬಾಳಿನಲ್ಲೇ ಬಿಟ್ಟು ಬರುತ್ತೇನೆಂದು ಹಿರಿಯರಿಗೆ ಈಗಾಗಲೇ ಹೇಳಿದ್ದೇನೆ.