ತೊಗರಿ ಕಟ್ಟಿಗೆಗೆ ಒಂದು ದಾರಿ, ಬಾಳೆ ದಿಂಡಿಗೆ ಇನ್ನೊಂದು

ಕಲಬುರಗಿಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಹೊಟ್ಟು ದನಕ್ಕೆ ಹೋಗುತ್ತದೆ. ಒಂದಿಷ್ಟು ಕಟ್ಟಿಗೆ ಒಲೆಗೆ, ಉಳಿದದ್ದಕ್ಕೆ ಹೊಲದಲ್ಲೇ ಬೆಂಕಿ. ಅತ್ತ ಕಮಲಾಪುರದ ಕೆಂಪು ಬಾಳೆ ತೋಟಗಳಲ್ಲಿ ಗೊನೆ ಕಡಿದ ಮೇಲೆ ದಿಂಡು ಬದುವಿನ ಮೇಲೆ ಕೊಳೆಯುತ್ತದೆ. ಇವೆರಡರಿಂದ ಗಟ್ಟಿ ಇಂಧನ ಮಾಡಲು ಮೂರು ದಾರಿ ನೋಡಿದೆ: ಒತ್ತಿ ಮಾಡುವ ಬ್ರಿಕೆಟ್, ಡ್ರಮ್ಮಿನಲ್ಲಿ ಸುಡುವ ಇದ್ದಲು, ನೀರಿನಲ್ಲೇ ಬೇಯಿಸಿ ಮಾಡುವ ಇದ್ದಲಿನಂಥ ಹೈಡ್ರೋಚಾರ್.

ಮೊದಲು ತೊಗರಿ. ಇಲ್ಲಿ ಬ್ರಿಕೆಟ್ ಗೆದ್ದಿತು, ಅದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಬಿಸಿಲಿಗೆ ಕಟ್ಟಿಗೆ ತಾನೇ ಒಣಗುತ್ತದೆ. ಪುಡಿ ಮಾಡಿ, ತೇವ ಶೇ 10ರ ಆಸುಪಾಸಿಗೆ ತಂದು ಯಂತ್ರಕ್ಕೆ ಹಾಕಿದರೆ ಸಾಕು. ಒತ್ತುವಾಗ ಹುಟ್ಟುವ ಬಿಸಿಗೆ ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಮೆತ್ತಗಾಗಿ ಅಂಟಿನ ಕೆಲಸ ಮಾಡುತ್ತದೆ. ಬೇರೆ ಅಂಟು ಬೇಡ. ಕಿಲೋಗೆ ಸುಮಾರು 4000 ಕಿಲೋ ಕ್ಯಾಲರಿ ಶಾಖ ಸಿಗುತ್ತದೆ. ಒಂದೇ ತೊಂದರೆ, ಮಳೆ ನೀರು ತಾಗಿದರೆ ಬ್ರಿಕೆಟ್ ಉಬ್ಬಿ ಉದುರುತ್ತದೆ. ಮುಚ್ಚಿದ ಗೋದಾಮು ಬೇಕೇ ಬೇಕು.

ಡ್ರಮ್ಮಿನ ಇದ್ದಲು ಹೊಗೆ ಇಲ್ಲದೆ ಚೆನ್ನಾಗಿ ಉರಿಯುತ್ತದೆ, ಶಾಖವೂ ಜಾಸ್ತಿ. ಆದರೆ ನಾಲ್ಕು ಕಿಲೋ ಕಟ್ಟಿಗೆಗೆ ಒಂದು ಕಿಲೋ ಇದ್ದಲು ಬಂದರೆ ಅದೇ ಹೆಚ್ಚು. ಕಟ್ಟಿಗೆಯಲ್ಲಿದ್ದ ಶಾಖದ ಅರ್ಧಕ್ಕಿಂತ ಹೆಚ್ಚು ಹೊಗೆಯಾಗಿ ಹೋಗುತ್ತದೆ. ಬಳ್ಳಾರಿ ಜಾಲಿಯ ದಪ್ಪ ಕೊಂಬೆಗೆ ಈ ದಾರಿ ಸರಿ. ತೆಳ್ಳನೆಯ ತೊಗರಿ ಕಟ್ಟಿಗೆಗೆ ಅಲ್ಲ, ಅರ್ಧ ಪುಡಿಯೇ ಆಗುತ್ತದೆ.

ಈಗ ಹೈಡ್ರೋಚಾರ್. ಈ ವಿಧಾನ ಹೊಸದೇನಲ್ಲ. ಜರ್ಮನಿಯ ಫ್ರೀಡ್ರಿಶ್ ಬರ್ಗಿಯಸ್ 1913ರಲ್ಲೇ ಇದನ್ನು ವಿವರಿಸಿದ್ದರು. ಕಸವನ್ನು ನೀರಿನ ಜೊತೆ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿಟ್ಟು 180ರಿಂದ 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಮನೆಯ ಕುಕ್ಕರ್ ನೆನಪಿಗೆ ಬರುತ್ತದೆ. ಆದರೆ 220 ಡಿಗ್ರಿಯಲ್ಲಿ ಒಳಗಿನ ಒತ್ತಡ 23 ಬಾರ್ ಮುಟ್ಟುತ್ತದೆ, ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 2 ಬಾರ್‌ಗೆ. ಹಾಗಾಗಿ ಪ್ರಯೋಗಾಲಯದ ರಿಯಾಕ್ಟರ್ ಬಿಟ್ಟು ಬೇರೆಲ್ಲೂ ನಾನು ಇದನ್ನು ಮಾಡಿಲ್ಲ. ದಯವಿಟ್ಟು ಯಾರೂ ಹಳೆ ಸಿಲಿಂಡರಿನಲ್ಲಿ ಮಾಡಲು ಹೋಗಬೇಡಿ.

ತೊಗರಿ ಕಟ್ಟಿಗೆಯಿಂದಲೂ ಒಳ್ಳೆ ಹೈಡ್ರೋಚಾರ್ ಬಂತು. ಕಪ್ಪು, ಕೈಯಲ್ಲಿ ತಿಕ್ಕಿದರೆ ಪುಡಿಯಾಗುವಷ್ಟು ಮೆದು. ಆದರೆ ಲೆಕ್ಕ ಕೂಡಲಿಲ್ಲ. ಒಂದು ಕಿಲೋ ನೀರನ್ನು 220 ಡಿಗ್ರಿಗೆ ಕಾಯಿಸಲು ಸುಮಾರು 200 ಕಿಲೋ ಕ್ಯಾಲರಿ ಬೇಕು. ಕಿಲೋ ಕಟ್ಟಿಗೆಗೆ ಆರು ಲೀಟರ್ ನೀರು ಹಾಕಿದರೆ 1200. ಬಿಸಿಲೇ ಒಣಗಿಸಿಕೊಟ್ಟ ಕಟ್ಟಿಗೆಯನ್ನು ಮತ್ತೆ ನೆನೆಸಿ, ಅದರದೇ ಶಾಖದ ಹತ್ತಿರ ಹತ್ತಿರ ಮೂರನೇ ಒಂದು ಪಾಲನ್ನು ನೀರಿಗೆ ಕೊಡುವುದು ಯಾಕೆ? ಬಿಸಿ ನೀರಿನ ಶಾಖವನ್ನು ಮುಂದಿನ ಬ್ಯಾಚಿಗೆ ಬಳಸುವ ವ್ಯವಸ್ಥೆ ಇದ್ದರೂ ತೊಗರಿಗೆ ಇದು ಸುಮ್ನೆ ಖರ್ಚು.

ಬಾಳೆ ದಿಂಡಿನಲ್ಲಿ ಕಥೆಯೇ ಬೇರೆ. ಅದರ ತೂಕದಲ್ಲಿ ಶೇ 90ಕ್ಕಿಂತ ಹೆಚ್ಚು ನೀರು. ಒಂದು ಕಿಲೋ ಒಣ ನಾರಿಗೆ ಹತ್ತು ಕಿಲೋ ನೀರು ಆರಿಸಬೇಕು ಅಂದುಕೊಳ್ಳಿ. ಬೆಂಕಿಯಿಂದ ಆರಿಸಿದರೆ ಕಿಲೋ ನೀರಿಗೆ 600 ಕಿಲೋ ಕ್ಯಾಲರಿ, ಅಂದರೆ ಒಟ್ಟು 6000. ನಾರಿನಲ್ಲಿ ಇರುವುದು 4000ಕ್ಕೂ ಕಡಿಮೆ! ಬಿಸಿಲಿಗೆ ಹಾಕಬಹುದಲ್ವಾ ಅಂತ ಕೇಳಬಹುದು. ಬೇಸಿಗೆಯಲ್ಲಿ ತೆಳ್ಳಗೆ ಸೀಳಿ ಹರಡಿದರೆ ಒಣಗುತ್ತದೆ, ಮಳೆಗಾಲದಲ್ಲಿ ಒಣಗುವ ಮೊದಲೇ ಕೊಳೆಯುತ್ತದೆ. ರಿಯಾಕ್ಟರಿನೊಳಗೆ ನೀರು ಆವಿಯಾಗಿ ಹೋಗಬೇಕಿಲ್ಲ, ಕಾದರೆ ಸಾಕು. ದಿಂಡನ್ನು ಕಬ್ಬಿನ ಗಾಣದಲ್ಲಿ ಹಿಂಡಿ ಅರ್ಧ ನೀರು ತೆಗೆದು ಹಾಕಿದಾಗ ಶಾಖದ ಖರ್ಚು ಇನ್ನೂ ಇಳಿಯಿತು. ಬೆಂದ ಮೇಲೆ ಹೈಡ್ರೋಚಾರ್ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ಒತ್ತಿದರೆ ಬಹಳಷ್ಟು ನೀರು ಸೋರಿ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೂದಿ. ಬಾಳೆ ನಾರಿನಲ್ಲಿ ಪೊಟ್ಯಾಶ್ ಜಾಸ್ತಿ. ಹಾಗೇ ಒಣಗಿಸಿ ಉರಿಸಿದರೆ ಬೂದಿ ಕರಗಿ ಒಲೆಯ ಜಾಲರಿಗೆ ಗಾಜಿನ ಹಾಗೆ ಅಂಟುತ್ತದೆ. ಬಾಯ್ಲರ್ ನಡೆಸುವವರಿಗೆ ಇದು ದೊಡ್ಡ ತಲೆನೋವು. ನೀರಿನಲ್ಲಿ ಬೇಯಿಸಿದಾಗ ಪೊಟ್ಯಾಶ್, ಕ್ಲೋರಿನ್ ಹೆಚ್ಚಿನ ಪಾಲು ನೀರಿಗೆ ಇಳಿಯುತ್ತವೆ. ಹೈಡ್ರೋಚಾರ್ ಉರಿಸಿದಾಗ ಉಳಿದ ಬೂದಿ ಸಡಿಲವಾಗಿತ್ತು, ಕಡ್ಡಿಯಿಂದ ಕೆದಕಿದರೆ ಉದುರಿತು.

ಆದರೆ ಆ ನೀರು ಇದೆಯಲ್ಲ, ಅದೇ ಈ ವಿಧಾನದ ದೊಡ್ಡ ತೊಡಕು. ಕಂದು ಬಣ್ಣ, ಹುಳಿ, ಸುಟ್ಟ ಬೆಲ್ಲದಂಥ ಘಾಟು. ಪೊಟ್ಯಾಶ್ ಇದೆ ಅಂತ ನೇರ ಹೊಲಕ್ಕೆ ಬಿಡುವ ಹಾಗಿಲ್ಲ, ಅದರಲ್ಲಿ ಫಿನಾಲ್, ಫರ್ಫ್ಯೂರಲ್ ಎಂಬ ಗಿಡಕ್ಕೆ ವಿಷವಾಗುವ ರಾಸಾಯನಿಕಗಳು ಇರುತ್ತವೆ. ಹೆಸರು ಕಾಳನ್ನು ಈ ನೀರಿನಲ್ಲಿ ನೆನೆಸಿಟ್ಟರೆ ಮೊಳಕೆ ಬರಲಿಲ್ಲ. ಬ್ರಿಕೆಟ್ ಘಟಕದಲ್ಲಿ ಇಂಥ ಕೊಳೆ ನೀರಿನ ಚಿಂತೆಯೇ ಇಲ್ಲ. ಹೈಡ್ರೋಚಾರಿನ ಈ ನೀರನ್ನು ಗೋಬರ್ ಗ್ಯಾಸ್ ಗುಂಡಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿದರೆ ಅದರಿಂದ ಗ್ಯಾಸ್ ಪಡೆಯಬಹುದು, ಒಮ್ಮೆಲೇ ಸುರಿದರೆ ಗುಂಡಿಯೇ ಕೆಡುತ್ತದೆ.

ಆದ್ದರಿಂದ ಹೈಡ್ರೋಚಾರ್ ಘಟಕ ಒಬ್ಬ ರೈತ ತನ್ನ ತೋಟದಲ್ಲಿ ಹಾಕುವಂಥದ್ದಲ್ಲ. ಆಳಂದ, ಅಫಜಲಪುರ ಕಡೆಯ ಸಕ್ಕರೆ ಕಾರ್ಖಾನೆಗಳ ಪಕ್ಕ ಹಾಕಬೇಕು. ಅಲ್ಲಿ ಆವಿ ಇದೆ, ಒತ್ತಡದ ಪಾತ್ರೆ ನೋಡಿಕೊಳ್ಳಲು ಬಾಯ್ಲರ್ ಬಲ್ಲವರಿದ್ದಾರೆ, ಕೊಳೆ ನೀರು ಶುದ್ಧ ಮಾಡುವ ವ್ಯವಸ್ಥೆಯೂ ಇದೆ. ಕಮಲಾಪುರದಿಂದ ದಿಂಡನ್ನು ಮಾತ್ರ ತೋಟದಲ್ಲೇ ಹಿಂಡಿ ಕಳಿಸಬೇಕು. ಇಲ್ಲದಿದ್ದರೆ ಟ್ರ್ಯಾಕ್ಟರ್ ಬಾಡಿಗೆ ಕೊಡುವುದು ನೀರು ಹೊರುವುದಕ್ಕೇ.